ಡಿಬಗರ್‌ನಲ್ಲಿ ಅಬಾರ್ಟ್ ಒತ್ತಿದೆ, ಸಿ ಕೋಡ್ ಲಾಕ್ ಹಿಡಿದೇ ಉಳಿಯಿತು

ಸೆನ್ಸರ್‌ಗಳ ಡೇಟಾ ಓದುವ ಪ್ರೋಗ್ರಾಂ ನಮ್ಮದು. ಬರೆದಿರುವುದು ಕಾಮನ್ ಲಿಸ್ಪ್‌ನಲ್ಲಿ, ಕಂಪೈಲರ್ ಎಸ್‌ಬಿಸಿಎಲ್. ಸೆನ್ಸರ್ ಜೊತೆ ಮಾತಾಡುವ ಭಾಗ ಮಾತ್ರ ಸಿ ಲೈಬ್ರರಿ. ನಾವು ಅದರ ಒಂದು ಫಂಕ್ಷನ್ ಕರೆಯುತ್ತೇವೆ. ಪ್ಯಾಕೆಟ್ ಬಂದಾಗಲೆಲ್ಲ ಅದು ನಾವು ಮೊದಲೇ ಕೊಟ್ಟಿಟ್ಟ ಲಿಸ್ಪ್ ಫಂಕ್ಷನ್, ಅಂದರೆ ಕಾಲ್‌ಬ್ಯಾಕ್, ಕರೆಯುತ್ತದೆ. ಅಂದರೆ ಸ್ಟ್ಯಾಕ್‌ನಲ್ಲಿ (ಇನ್ನೂ ಮುಗಿಯದ ಫಂಕ್ಷನ್ ಕರೆಗಳ ರಾಶಿ, ಒಂದೊಂದು ಕರೆಗೂ ಒಂದೊಂದು ಫ್ರೇಮ್) ಕೆಳಗೆ ಲಿಸ್ಪ್, ನಡುವೆ ಸಿ, ಮೇಲೆ ಮತ್ತೆ ಲಿಸ್ಪ್.

ಒಂದು ದಿನ ಕಾಲ್‌ಬ್ಯಾಕ್ ಒಳಗೆ ನಿಲ್ (ಲಿಸ್ಪ್‌ನಲ್ಲಿ 'ಏನೂ ಇಲ್ಲ') ಜೊತೆ ಸಂಖ್ಯೆ ಕೂಡಿಸಲು ಹೋಗಿ ಟೈಪ್ ಎರರ್ ಬಂತು. ಸ್ಲೈಮ್‌ನ (ಇಮ್ಯಾಕ್ಸ್ ಎಡಿಟರ್‌ನಲ್ಲಿ ಲಿಸ್ಪ್ ಬರೆಯುವ ಸಲಕರಣೆ) ಡಿಬಗರ್ ತೆರೆಯಿತು. ತಪ್ಪು ಕಣ್ಣೆದುರೇ ಇತ್ತು. ಕ್ಯೂ ಕೀ ಒತ್ತಿ, ಅಂದರೆ ಅಬಾರ್ಟ್ ಮಾಡಿ, ಹೊರಬಂದೆ, ಆ ಸಾಲು ತಿದ್ದಿ ಕಂಪೈಲ್ ಮಾಡಿ ಮತ್ತೆ ಓಡಿಸಿದೆ. ಎರರ್ ಇಲ್ಲ, ಉತ್ತರವೂ ಇಲ್ಲ. ಸಿಪಿಯು ಕೂಡ ತಣ್ಣಗಿದೆ. ಪ್ರೋಗ್ರಾಂ ಸುಮ್ನೆ ಕೂತಿದೆ.

ಎರಡು ದಿನ ನಾನು ತಿದ್ದಿದ ಸಾಲಿನ ಮೇಲೇ ಅನುಮಾನಪಟ್ಟೆ. ಆದರೆ ಲಿಸ್ಪ್ ಮುಚ್ಚಿ ಹೊಸದಾಗಿ ಶುರು ಮಾಡಿದರೆ ಅದೇ ಕೋಡ್ ಚೆನ್ನಾಗಿಯೇ ಓಡುತ್ತಿತ್ತು. ಹಾಗಾದರೆ ತೊಂದರೆ ಕೋಡಿನಲ್ಲಿಲ್ಲ, ಹಿಂದೆ ಏನೋ ಉಳಿದುಬಿಟ್ಟಿದೆ, ಅಲ್ವಾ?

ಕೊನೆಗೆ ಜಿಡಿಬಿ (ಸಿ ಮಟ್ಟದಲ್ಲಿ ಒಳಗೆ ನೋಡುವ ಡಿಬಗರ್) ಹಚ್ಚಿದೆ. ಇಲ್ಲಿ ಒಂದು ಮಾತು. ಲಿನಕ್ಸ್‌ನಲ್ಲಿ ಎಸ್‌ಬಿಸಿಎಲ್ ಜಿಸಿ (ಬೇಡವಾದ ಮೆಮೊರಿ ಗುಡಿಸುವ ಕೆಲಸ) ಮಾಡುವಾಗ ಉಳಿದ ತ್ರೆಡ್‌ಗಳನ್ನು (ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡುವ ಎಳೆಗಳು) ನಿಲ್ಲಿಸಲು ಸಿಗ್‌ಯುಎಸ್‌ಆರ್2 ಸಿಗ್ನಲ್ ಕಳಿಸುತ್ತದೆ. ಸ್ಟ್ಯಾಕ್ ತುಂಬಿದ್ದನ್ನು ಕಂಡುಹಿಡಿಯಲು ಸೆಗ್‌ಫಾಲ್ಟ್ ಸಿಗ್ನಲ್ಲನ್ನೇ ಬಳಸುತ್ತದೆ. ಲಿಸ್ಪ್‌ಗೆ ಇವು ದಿನದ ಕೆಲಸ, ಜಿಡಿಬಿ ಮಾತ್ರ ಪ್ರತಿ ಸಲವೂ ನಿಂತುಬಿಡುತ್ತದೆ. ಇವೆರಡಕ್ಕೂ ನಿಲ್ಲಬೇಡ, ಲಿಸ್ಪ್‌ಗೇ ದಾಟಿಸು ಎಂದು ಹ್ಯಾಂಡಲ್ ಕಮಾಂಡ್‌ನಲ್ಲಿ ಮೊದಲೇ ಹೇಳಿಡಬೇಕು.

ಬ್ಯಾಕ್‌ಟ್ರೇಸ್ (ಸ್ಟ್ಯಾಕ್‌ನಲ್ಲಿರುವ ಕರೆಗಳ ಪಟ್ಟಿ) ನೋಡಿದರೆ ನಮ್ಮ ತ್ರೆಡ್ ಪಿತ್ರೆಡ್ ಮ್ಯೂಟೆಕ್ಸ್ ಲಾಕ್ ಎಂಬ ಫಂಕ್ಷನ್ ಒಳಗೆ ಕಾಯುತ್ತಿತ್ತು. ಮ್ಯೂಟೆಕ್ಸ್ ಅಂದರೆ ಒಂದು ಸಲಕ್ಕೆ ಒಂದೇ ತ್ರೆಡ್ ಹಿಡಿಯಬಹುದಾದ ಬೀಗ. ಆ ಮ್ಯೂಟೆಕ್ಸ್ ಯಾರ ಕೈಯಲ್ಲಿದೆ ಎಂದು ಅದರ ಓನರ್ ಫೀಲ್ಡ್ ಪ್ರಿಂಟ್ ಮಾಡಿದೆ. ಬಂದ ನಂಬರ್ ಕಾಯುತ್ತಿದ್ದ ತ್ರೆಡ್‌ನದ್ದೇ! ಬೀಗ ಹಾಕಿದ್ದೂ ಅದೇ, ಬಾಗಿಲ ಹೊರಗೆ ಕಾಯುತ್ತಿದ್ದದ್ದೂ ಅದೇ.

ಆಗ ಎಲ್ಲ ಬಿಡಿಸಿಕೊಂಡಿತು. ಲಿಸ್ಪ್‌ನಲ್ಲಿ ಎರರ್ ಬಂದಾಗ ಸ್ಟ್ಯಾಕ್ ಕಳಚುವುದಿಲ್ಲ. ಡಿಬಗರ್ ಆ ಸ್ಟ್ಯಾಕ್ ಮೇಲೆಯೇ ಕೂತು ಮುಂದೇನು ಎಂದು ಕೇಳುತ್ತದೆ. ನನಗೆ ಈ ಭಾಷೆ ಇಷ್ಟವಾಗಲು ದೊಡ್ಡ ಕಾರಣವೇ ಇದು. ವೇರಿಯಬಲ್‌ಗಳೆಲ್ಲ ಇದ್ದ ಹಾಗೇ ಇರುತ್ತವೆ. ಆದರೆ ಡಿಬಗರ್ ತೆರೆದಿದ್ದಷ್ಟು ಹೊತ್ತು ಕೆಳಗೆ ಸಿ ಫಂಕ್ಷನ್ ಕೂಡ ಅರ್ಧ ಕೆಲಸದಲ್ಲಿ ಲಾಕ್ ಹಿಡಿದು ಕಾಯುತ್ತಿತ್ತು. ನಾನು ಕ್ಯೂ ಒತ್ತಿದಾಗ ಕಂಟ್ರೋಲ್ ನೇರ ಕೆಳಗಿನ ಲಿಸ್ಪ್ ಫ್ರೇಮ್‌ಗೆ ಹಾರಿತು. ದಾರಿಯಲ್ಲಿ ಲಿಸ್ಪ್‌ನ ಅನ್‌ವೈಂಡ್-ಪ್ರೊಟೆಕ್ಟ್‌ಗಳು (ಹೇಗೆ ಹೊರಬಂದರೂ ಓಡುವ ಕ್ಲೀನಪ್ ಸಾಲುಗಳು) ಓಡುತ್ತವೆ. ಸಿ ಫ್ರೇಮ್‌ಗಳಿಗೆ ಅಂಥದ್ದೇನೂ ಇಲ್ಲ. ಅವುಗಳ ತಲೆ ಮೇಲಿಂದ ಹಾರಿಹೋದೆವು. ಅನ್‌ಲಾಕ್ ಮಾಡುವ ಸಾಲು ಓಡಲೇ ಇಲ್ಲ.

ಸುಳಿವು ಮೊದಲ ದಿನವೇ ಇತ್ತು. ಸ್ಲೈಮ್ ತೋರಿಸಿದ ಬ್ಯಾಕ್‌ಟ್ರೇಸ್‌ನ ನಡುವೆ ಫಾರಿನ್ ಫಂಕ್ಷನ್ ಎಂಬ ಸಾಲಿತ್ತು, ನಾನು ದಾಟಿಕೊಂಡು ಹೋಗಿದ್ದೆ. ಅದೂ ಅರ್ಧಂಬರ್ಧ. ಎಕ್ಸ್86-64 ಪ್ರೊಸೆಸರ್‌ಗಳಲ್ಲಿ ಎಸ್‌ಬಿಸಿಎಲ್ ಫ್ರೇಮ್ ಪಾಯಿಂಟರ್ (ಫ್ರೇಮ್ ಎಲ್ಲಿದೆ ಎಂದು ತೋರಿಸುವ ವಿಳಾಸ) ಹಿಡಿದುಕೊಂಡು ಸ್ಟ್ಯಾಕ್ ಇಳಿಯುತ್ತದೆ. ಸಿ ಕಂಪೈಲರ್‌ಗಳು ಆಪ್ಟಿಮೈಸ್ ಮಾಡುವಾಗ ಆ ಪಾಯಿಂಟರನ್ನೇ ಬಿಟ್ಟುಬಿಡುವುದು ಜಾಸ್ತಿ. ಹಾಗಾಗಿ ನಡುವಿನ ಕೆಲವು ಸಿ ಫಂಕ್ಷನ್‌ಗಳು ಕಾಣಿಸಲೇ ಇಲ್ಲ. ಲೈಬ್ರರಿಯ ಸೋರ್ಸ್ ನಮ್ಮಲ್ಲಿತ್ತು, ಫ್ರೇಮ್ ಪಾಯಿಂಟರ್ ಉಳಿಸಿಕೊಳ್ಳುವ ಆಯ್ಕೆ ಕೊಟ್ಟು ಕಂಪೈಲ್ ಮಾಡಿದ ಮೇಲೆ ಪೂರ್ತಿ ದಾರಿ ಕಂಡಿತು.

ಈಗ ನಮ್ಮ ಪ್ರತಿ ಕಾಲ್‌ಬ್ಯಾಕ್‌ನ ಮೈಯನ್ನೂ ಒಂದು ಮ್ಯಾಕ್ರೋ (ಕೋಡ್ ಬರೆದುಕೊಡುವ ಕೋಡ್) ಸುತ್ತಿಕೊಂಡಿರುತ್ತದೆ. ಗಿರಾಕಿಗಳ ಕಡೆ ಓಡುವಾಗ ಅದು ಎರರ್ ಹಿಡಿದು, ಸ್ಟ್ಯಾಕ್ ಕಳಚುವ ಮೊದಲೇ ಬ್ಯಾಕ್‌ಟ್ರೇಸನ್ನು ಲಾಗ್‌ಗೆ ಬರೆದು, ಸಿ ಕಡೆಗೆ ಎರರ್ ಕೋಡ್ ಹಿಂತಿರುಗಿಸುತ್ತದೆ. ನಾವು ಕೂತು ಕೋಡ್ ಬರೆಯುವಾಗ ಮಾತ್ರ ಡಿಬಗರ್ ತೆರೆಯುತ್ತದೆ. ಅಲ್ಲಿ ರೀಸ್ಟಾರ್ಟ್ ಪಟ್ಟಿಯ (ಮುಂದೇನು ಮಾಡಬಹುದು ಎಂಬ ಆಯ್ಕೆಗಳು) 0ನೇ ಸಾಲು ನಾವೇ ಸೇರಿಸಿದ್ದು: "ಎರರ್ ಕೋಡ್ ಕೊಟ್ಟು ಸಿ ಗೆ ವಾಪಸ್". ಟೀಮಿಗೆ ಹೊಸಬರು ಬಂದರೆ ಬೇಕೆಂದೇ ಆ ಟೈಪ್ ಎರರ್ ಬರಿಸಿ, ಕ್ಯೂ ಬದಲು 0 ಒತ್ತಿಸುತ್ತೇನೆ. ಆಮೇಲೆ ಜಿಡಿಬಿಯಲ್ಲಿ ಆ ಓನರ್ ಫೀಲ್ಡ್ ಸೊನ್ನೆ ಆಗಿರುವುದನ್ನು ತೋರಿಸುತ್ತೇನೆ.