ಅಡುಗೆಮನೆ ಒಡೆಯುವಾಗ ಪಕ್ಕದ ಲೇತ್ ಉಳಿಸಿಕೊಳ್ಳೋದು

ಒಡೆಯೋದಕ್ಕೆ ಮುಂಚೆ

ಮೈಸೂರಿನ ನಮ್ಮ ಹಳೇ ಮನೆಯ ಅಡುಗೆಮನೆಗೆ ಹೊಸ ವೈರಿಂಗ್, ಹೊಸ ಟೈಲ್ಸ್, ಪುಟ್ಟಿ, ಎಲ್ಲಾ ಒಟ್ಟಿಗೆ. ಅದಕ್ಕೆ ಅಂಟಿಕೊಂಡ ಶೆಡ್ಡೇ ನನ್ನ ವರ್ಕ್‌ಶಾಪ್: ಮರ ತಿರುಗಿಸಿ ಕೆತ್ತುವ ಲೇತ್, ಬೆಂಚ್ ಡ್ರಿಲ್, ಸಣ್ಣ ಬ್ಯಾಂಡ್ ಸಾ. ನಡುವೆ ಒಂದೇ ಬಾಗಿಲು, ಅದರ ಕೆಳಗೆ ಬೆರಳು ತೂರುವಷ್ಟು ಸಂದಿ.

ಚನ್ನಪಟ್ಟಣದವರ ಹಾಗೆ ಆಲೆ ಮರಕ್ಕೆ ಅರಗು ಹತ್ತಿಸಿ ಡಬ್ಬಿ, ಬುಗುರಿ ಮಾಡೋದು ನನ್ನ ಹವ್ಯಾಸ, ಹಾಗಾಗಿ ಮರದ ಧೂಳು ನನಗೆ ಹೊಸದಲ್ಲ. ಗೋಡೆಯ ಧೂಳಿನ ಜಾತಿಯೇ ಬೇರೆ. ಮರಳಿನಲ್ಲಿರುವ ಕ್ವಾರ್ಟ್ಜ್‌ನ ಗಡಸುತನ 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ 7, ಲೇತ್ ಬೆಡ್ಡಿನ, ಅಂದರೆ ಅದರ ಉದ್ದನೆಯ ತಳಪಟ್ಟಿಯ, ಬೀಡುಕಬ್ಬಿಣದ್ದು 4–5ರ ಆಸುಪಾಸು. ಮರದ ಇನ್ನೊಂದು ತುದಿ ಹಿಡಿಯೋಕೆ ಬೆಡ್ಡಿನ ಮೇಲೆ ಜಾರುವ ಟೇಲ್‌ಸ್ಟಾಕಿನ ಅಡಿಗೆ ಈ ಪುಡಿ ಸೇರಿಕೊಂಡರೆ ಜಾರಿಸಿದಷ್ಟೂ ಬೆಡ್ಡು ಗೀರುತ್ತೆ. ಜೊತೆಗಿರೋ ಸಿಮೆಂಟ್ ತೇವ ಹೀರಿ ಕೂತಲ್ಲೇ ಗಟ್ಟಿಯಾಗುತ್ತೆ.

ಎಣ್ಣೆ ಬಳಿದು ಪ್ಲಾಸ್ಟಿಕ್ ಸುತ್ತಿಬಿಡು ಅನ್ನೋದು ಸಾಮಾನ್ಯವಾಗಿ ಸಿಗೋ ಸಲಹೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಎಣ್ಣೆ ಮೇಲೆ ಧೂಳು ಕೂತರೆ ಅದು ಎಂಜಿನ್ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟೇ. ಬರೀ ಪ್ಲಾಸ್ಟಿಕ್ ಸುತ್ತಿದರೆ ಆಷಾಢದ ತಂಪಿಗೆ ಒಳಗೆ ಬೆವರಿ ತುಕ್ಕು ಹಿಡಿಯುತ್ತೆ. ಅದಕ್ಕೆ ಬೆಡ್ಡಿಗೆ ಪೇಸ್ಟ್ ವ್ಯಾಕ್ಸ್ ಹಚ್ಚಿ, ಒಣಗಿದ ಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿದೆ. ಸಿಲಿಕೋನ್ ಇರೋ ವ್ಯಾಕ್ಸ್ ಬೇಡ, ಅದು ಕೈಯಿಂದ ಮರಕ್ಕೆ ದಾಟಿದರೆ ಪಾಲಿಶ್ ಸರಿಯಾಗಿ ಹಿಡಿಯಲ್ಲ. ವ್ಯಾಕ್ಸಿನ ಮೇಲೆ ಅಮ್ಮನ ಹಳೇ ಕಾಟನ್ ಸೀರೆ ಮಡಚಿ ಹೊದಿಸಿ, ಅದರ ಮೇಲೆ ಪೇಂಟರುಗಳು ಹಾಸುವ ಪ್ಲಾಸ್ಟಿಕ್ ಶೀಟ್. ಕೆಳಗಡೆ ನಾಲ್ಕು ಬೆರಳಷ್ಟು ಕಟ್ಟದೇ ಬಿಟ್ಟಿದ್ದೀನಿ, ಗಾಳಿ ಆಡಲಿ ಅಂತ.

ಲೇತಿನ ಸ್ಪೀಡ್ ಕಂಟ್ರೋಲ್ ಪೆಟ್ಟಿಗೆ ಬಿಚ್ಚಿ ಮಹಡಿಗೆ ಸಾಗಿಸಿದೆ. ಅರಗಿನ ಕಡ್ಡಿ, ಕೇದಗೆ ಗರಿ ಎರಡೂ ಸ್ಟೀಲ್ ಡಬ್ಬಿಗೆ. ತಿರುಗೋ ಮರಕ್ಕೆ ಒತ್ತಿದಾಗ ಆ ಬಿಸಿಗೇ ಅರಗು ಕರಗಿ ಹತ್ತುತ್ತೆ. ಕಡ್ಡಿಯ ತುದಿಯಲ್ಲಿ ಒಂದು ಮರಳಿನ ಕಣ ಇದ್ದರೂ ಬುಗುರಿಯ ಸುತ್ತ ಗೀಟು ಬಿತ್ತು ಅಂತಲೇ ಲೆಕ್ಕ. ಹೊಳಪಿಗೆ ಉಜ್ಜುವ ಗರಿಗೂ ಇದೇ ಮಾತು.

ಕಟಿಂಗ್ ಗ್ರೈಂಡರ್ ಶುರು

ನಿಜವಾದ ಕೆಲಸ ಇಲ್ಲಿ. ಎಷ್ಟೇ ಮುಚ್ಚಿದರೂ ಧೂಳು ಹುಟ್ಟೋ ಜಾಗದಲ್ಲೇ ಹಿಡಿಯದಿದ್ದರೆ ಉಪಯೋಗ ಕಮ್ಮಿ. ಟೈಲ್ಸ್ ಕತ್ತರಿಸೋದನ್ನ ಹಿತ್ತಲಿಗೆ ಹಾಕಿಸಿದೆ, ನೀರು ಹರಿಯೋ ಕಟರ್‌ನಲ್ಲಿ.

"ಸಾರ್, ಕೆಸರಾಗುತ್ತಲ್ಲ" ಅಂದರು ಮೇಸ್ತ್ರಿ.

"ಆಗಲಿ ಮೇಸ್ತ್ರಿ, ಕೆಸರು ಹಾರಲ್ಲವಲ್ಲ."

ಆ ಲೈನಿಗೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿದುಬಿಡುವ 30 ಮಿಲಿಆಂಪ್ ಆರ್‌ಸಿಸಿಬಿ ಇದೆ ಅಂತ ಖಾತ್ರಿ ಮಾಡಿಕೊಂಡ ಮೇಲೇ ಒಪ್ಪಿದ್ದು.

ವೈರಿಂಗ್ ಪೈಪಿಗೆ ಗೋಡೆ ಕೊರೆಯೋದನ್ನ ಮಾತ್ರ ಹೊರಗೆ ಸಾಗಿಸೋಕಾಗಲ್ಲ. ಅಲ್ಲಿ ಬ್ಲೇಡಿನ ಪಕ್ಕಕ್ಕೇ ವ್ಯಾಕ್ಯೂಮ್ ಹೋಸ್ ಹಿಡಿದು ಒಬ್ಬ ಹುಡುಗ ನಿಂತ. ಅವನಿಗೂ ಎಲೆಕ್ಟ್ರಿಷಿಯನ್‌ಗೂ ಎನ್95 ಮಾಸ್ಕ್. ಕ್ವಾರ್ಟ್ಜ್ ಅಂದರೆ ಸಿಲಿಕಾ, ಅದರ ಧೂಳು ಶ್ವಾಸಕೋಶಕ್ಕೆ ಸೇರಿ ಮಾಡೋ ಹಾನಿ ವಾಸಿಯಾಗಲ್ಲ. ವ್ಯಾಕ್ಯೂಮಿಗೆ ಮುಂಚೆ ಖಾಲಿ 20 ಲೀಟರ್ ಪೇಂಟ್ ಬಕೆಟ್ ಮೇಲೆ ಕೂರಿಸಿದ, ಗಾಳಿ ಸುತ್ತಿಸಿ ಪುಡಿ ಬೇರ್ಪಡಿಸುವ ಸೈಕ್ಲೋನ್ ಇದೆ, ದಪ್ಪ ಪುಡಿ ಅಲ್ಲೇ ಉಳಿದು ಫಿಲ್ಟರ್ ಬೇಗ ಕಟ್ಟಲ್ಲ.

ಬಾಗಿಲಿಗೆ ಪ್ಲಾಸ್ಟಿಕ್ ಪರದೆ. ಆಷಾಢದ ಗಾಳಿ ಇಲ್ಲಿ ಪಶ್ಚಿಮದಿಂದ ಬೀಸುತ್ತೆ, ಶೆಡ್ಡೂ ಆ ಕಡೆಗೇ ಇದೆ. ಶೆಡ್ಡಿನ ಕಿಟಕಿ ಸ್ವಲ್ಪ ತೆರೆದು, ಅಡುಗೆಮನೆಯ ಪೂರ್ವದ ಕಿಟಕಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿದೆ. ಈಗ ಪರದೆ ನೋಡಿದರೆ ಸಾಕು: ಅಡುಗೆಮನೆ ಕಡೆ ಉಬ್ಬಿದ್ದರೆ ಗಾಳಿ ನಮ್ಮಿಂದ ಹೊರಗೆ ಹೋಗ್ತಿದೆ. ನಮ್ಮ ಕಡೆ ಉಬ್ಬಿದರೆ ಯಾರೋ ಫ್ಯಾನ್ ಆಫ್ ಮಾಡಿದ್ದಾರೆ. ಮಾಡ್ತಾರೆ ಕೂಡ, ಸದ್ದು ಜಾಸ್ತಿ ಅಂತ.

ಪುಟ್ಟಿ ಉಜ್ಜಿದ ವಾರ

ಹೇಳೋಕೆ ಹೆಚ್ಚೇನಿಲ್ಲ. ಎಲ್ಲಾ ಬೆಳ್ಳಗೆ.

ಬಿಚ್ಚಿದ್ದು

ಕೆಲಸ ನಿಂತ ಸಂಜೆಯೇ ಒರೆಸೋಕೆ ಹೋಗಬೇಡಿ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಲುಗದ ಗಾಳಿಯಲ್ಲಿ 10 ಮೈಕ್ರಾನ್‌ನ ಮರಳಿನ ಕಣ ಹತ್ತಡಿ ಇಳಿಯೋಕೆ ಆರೇಳು ನಿಮಿಷ ಸಾಕು. 1 ಮೈಕ್ರಾನ್‌ದಕ್ಕೆ ಹತ್ತಿರಹತ್ತಿರ ಒಂಬತ್ತು ಗಂಟೆ. ರಾತ್ರಿ ಕಳೆಯಲಿ ಅಂತ ಬಿಟ್ಟು ಬೆಳಿಗ್ಗೆ ಟ್ಯೂಬ್‌ಲೈಟಿನಿಂದ ಶುರುಮಾಡಿ ಕೆಳಕ್ಕೆ ಬಂದೆ. ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಹಾಕಿದ ವ್ಯಾಕ್ಯೂಮ್, ಪೇಂಟ್ ಬ್ರಶ್, ಅಷ್ಟೇ. ಕಂಪ್ರೆಸರ್ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಜೋರು ಗಾಳಿ ಬಿಟ್ಟರೆ ಪುಡಿ ಬೇರಿಂಗ್ ಸೀಲ್ ದಾಟಿ ಒಳಗೇ ಹೋಗುತ್ತೆ. ಬೀಡುಕಬ್ಬಿಣಕ್ಕೆ ಒದ್ದೆ ಬಟ್ಟೆಯೂ ಬೇಡ.

ಪ್ಲಾಸ್ಟಿಕ್ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ಅದನ್ನ ಒಳಮುಖವಾಗಿ ಸುತ್ತಿ ಹೊರಗೆ ಒಯ್ದೆ. ಸೀರೆಯ ಅಂಚಿನಲ್ಲಿ, ಕಟ್ಟದೇ ಬಿಟ್ಟಿದ್ದ ಕಡೆ ಮಾತ್ರ, ಬಿಳಿ ಗೆರೆ. ಬೆಡ್ಡಿನಲ್ಲಿ ತುಕ್ಕಿಲ್ಲ, ಟೇಲ್‌ಸ್ಟಾಕ್ ಕಿರುಗುಟ್ಟದೆ ಜಾರಿತು. ಡ್ರಿಲ್‌ನ ಬಿಟ್ ಹಿಡಿಯುವ ಚಕ್ ಮಾತ್ರ ಬಿಗಿಯಾಗಿದೆ, ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೀಬೇಕು.

ಮುಂದಿನ ವಾರ ಬಡಗಿ ಕಬೋರ್ಡ್ ಬಾಗಿಲು ಉಜ್ಜೋಕೆ ಬರ್ತಾರೆ. ಸ್ಯಾಂಡರ್ ಹಿತ್ತಲಲ್ಲೇ ಅಂತ ಮಾತಾಗಿದೆ. ಪರದೆ ಅಲ್ಲಿವರೆಗೂ ಇರುತ್ತೆ, ಸ್ಪೀಡ್ ಕಂಟ್ರೋಲ್ ಪೆಟ್ಟಿಗೆಯೂ ಮಹಡಿಯಲ್ಲೇ.