ಕಳಿಸಿದ್ದು ಒಂದು, ಮಾಕ್ ಹೇಳಿದ್ದು ಇನ್ನೊಂದು

ಟೆಸ್ಟ್ ಫೇಲ್ ಆಗಿತ್ತು. ಸೆಂಡ್ ಫಂಕ್ಷನ್‌ಗೆ ಮೂರು ಮೆಸೇಜುಗಳ ಲಿಸ್ಟ್ ಹೋಗಬೇಕಿತ್ತು, ಹೋಗಿದ್ದು ಖಾಲಿ ಲಿಸ್ಟ್ ಅನ್ನುತ್ತಿತ್ತು ಎರರ್. ಡಿಬಗರ್ ಹಾಕಿ ಸರಿಯಾಗಿ ಆ ಸಾಲಿನಲ್ಲೇ ನಿಲ್ಲಿಸಿ ನೋಡಿದರೆ ಮೂರೂ ಮೆಸೇಜು ಕಣ್ಣೆದುರೇ ಇದ್ದವು.

ಕೋಡ್‌ನಲ್ಲಿ ಅಂಥ ಗಹನವಾದದ್ದೇನೂ ಇರಲಿಲ್ಲ. ನೋಟಿಫಿಕೇಶನ್‌ಗಳನ್ನು ಬಫರ್‌ಗೆ ಸೇರಿಸುತ್ತಾ ಹೋಗುವುದು, ತುಂಬಿದ ಕೂಡಲೇ ಅವನ್ನು ಹೊರಗೆ ತಲುಪಿಸುವ ಗೇಟ್‌ವೇಗೆ ಕಳಿಸುವುದು, ಕಳಿಸಿದ ಮೇಲೆ ಬಫರ್ ಕ್ಲಿಯರ್ ಮಾಡುವುದು. ಟೆಸ್ಟ್‌ನಲ್ಲಿ ಗೇಟ್‌ವೇ ಜಾಗಕ್ಕೆ ಪೈಥಾನ್‌ನ ಮಾಕ್ (ಅಸಲಿಯ ಬದಲು ನಿಂತು, ತನಗೆ ಬಂದ ಕರೆಗಳನ್ನು ನೆನಪಿಟ್ಟುಕೊಳ್ಳುವ ನಕಲಿ) ಕೂರಿಸಿ, ಕೊನೆಯಲ್ಲಿ ‘ಅಸರ್ಟ್ ಕಾಲ್ಡ್ ವನ್ಸ್ ವಿತ್’ ಕರೆದಿದ್ದೆವು, ಅಂದರೆ ಇಂಥದ್ದನ್ನೇ ಕೊಟ್ಟು ಒಂದೇ ಸಲ ಕರೆದಿದ್ದಾರೆಯೇ ಎಂಬ ಪರೀಕ್ಷೆ.

ಪಕ್ಕದಲ್ಲಿದ್ದ ಸಹೋದ್ಯೋಗಿ, ಕ್ಲಿಯರ್ ಬೇಡ, ಬಫರ್‌ಗೆ ಹೊಸ ಖಾಲಿ ಲಿಸ್ಟ್ ಅಸೈನ್ ಮಾಡಿ ಅಂದರು. ಮಾಡಿದೆ, ಟೆಸ್ಟ್ ಪಾಸ್. ಅವರು ಎದ್ದು ಹೋದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಮೊದಲಿನ ಕೋಡೂ ಸರಿಯಾಗಿಯೇ ಕೆಲಸ ಮಾಡುತ್ತಿತ್ತಲ್ಲ, ಅದನ್ನೇಕೆ ಬದಲಿಸಬೇಕು?

ವಿಷಯ ಇಷ್ಟೇ: ಮಾಕ್ ತನಗೆ ಬಂದ ಆರ್ಗ್ಯುಮೆಂಟ್‌ಗಳ (ಕರೆಯುವಾಗ ಕೊಟ್ಟ ಮೌಲ್ಯಗಳ) ಕಾಪಿ ಇಟ್ಟುಕೊಳ್ಳುವುದಿಲ್ಲ, ರೆಫರೆನ್ಸ್, ಅಂದರೆ ಮೂಲ ಎಲ್ಲಿದೆ ಎಂಬ ಗುರುತು ಮಾತ್ರ ಇಟ್ಟುಕೊಳ್ಳುತ್ತದೆ. ಅಸರ್ಟ್ ನಡೆಯುವ ಹೊತ್ತಿಗೆ ಅದೇ ಲಿಸ್ಟ್ ಖಾಲಿಯಾಗಿರುತ್ತದೆ. ಅಂದು ಕಂಡದ್ದೇನು ಎಂದು ಕೇಳಿದರೆ ಸಾಕ್ಷಿ ಈಗ ಕಾಣುತ್ತಿರುವುದನ್ನು ಹೇಳಿದ ಹಾಗೆ. ಇದು ಬಗ್ ಅಲ್ಲ, ಪೈಥಾನ್ ಡಾಕ್ಯುಮೆಂಟೇಶನ್‌ನಲ್ಲೇ ಇದಕ್ಕೊಂದು ಭಾಗವಿದೆ. ಜಾವಾದ ಮಾಕ್ ಲೈಬ್ರರಿ ಮಾಕಿಟೋ ಕೂಡ ಹೀಗೆಯೇ, ಅದರ ಆರ್ಗ್ಯುಮೆಂಟ್ ಕ್ಯಾಪ್ಟರ್ ಹಿಡಿದಿಡುವುದೂ ರೆಫರೆನ್ಸನ್ನೇ.

ಸರಿಯಾದ ಕೋಡ್ ಫೇಲ್ ಆದರೆ ಚಿಂತೆಯಿಲ್ಲ, ಯಾರಾದರೂ ನೋಡಿಯೇ ನೋಡುತ್ತಾರೆ. ಇದೇ ಕಾರಣಕ್ಕೆ ತಪ್ಪು ಕೋಡ್ ಪಾಸ್ ಆಗುತ್ತಿದ್ದರೆ? ಲಿಸ್ಟ್ ಅಥವಾ ಡಿಕ್ಷನರಿ ಕಳಿಸಿ, ಆಮೇಲೆ ಅದನ್ನೇ ಬದಲಾಯಿಸುವ ಜಾಗಗಳನ್ನು ಹುಡುಕುತ್ತಾ ಕೂತೆ. ಊಟದ ಹೊತ್ತು ಮೀರುವಷ್ಟರಲ್ಲಿ ಒಂದು ಸಿಕ್ಕಿತು. ಹೆಡರ್‌ಗಳ ಡಿಕ್ಷನರಿಯನ್ನು ಗೇಟ್‌ವೇಗೆ ಕೊಟ್ಟು, ಅದರ ಕೆಳಗಿನ ಸಾಲಿನಲ್ಲಿ ರಿಟ್ರೈ ಸಂಖ್ಯೆಯನ್ನು (ಎಷ್ಟನೇ ಮರುಪ್ರಯತ್ನ ಎಂಬುದನ್ನು) ಅದೇ ಡಿಕ್ಷನರಿಗೆ ಸೇರಿಸುತ್ತಿದ್ದರು. ಆ ಸಂಖ್ಯೆ ಗೇಟ್‌ವೇಗೆ ಹೋಗಿದೆಯೇ ಎಂದು ನೋಡಲೆಂದೇ ಬರೆದ ಟೆಸ್ಟ್ ನೆಮ್ಮದಿಯಾಗಿ ಪಾಸ್ ಆಗುತ್ತಿತ್ತು. ನಿಜವಾದ ಗೇಟ್‌ವೇಗೆ ಅದು ಹೋಗುತ್ತಲೇ ಇರಲಿಲ್ಲ.

ಇದನ್ನು ಸರಿಪಡಿಸಲು ಮೊದಲು, ಮಾಕ್ ಕರೆದಾಗೆಲ್ಲ ನಮ್ಮದೊಂದು ಫಂಕ್ಷನ್ ಓಡಿಸುವ ‘ಸೈಡ್ ಎಫೆಕ್ಟ್’ ಸೌಲಭ್ಯ ಬಳಸಿ ನೋಡಿದೆ. ಕರೆ ಬಂದ ಕ್ಷಣದಲ್ಲೇ ಆರ್ಗ್ಯುಮೆಂಟ್‌ಗಳ ಡೀಪ್ ಕಾಪಿ (ಒಳಗಿರುವುದೆಲ್ಲದರ ಪೂರ್ಣ ನಕಲು) ತೆಗೆದಿಡುವ ಪುಟ್ಟ ಫಂಕ್ಷನ್ ಅದು. ಇದರಲ್ಲಿ ಒಂದು ಸೂಕ್ಷ್ಮವಿದೆ. ಫಂಕ್ಷನ್ ಕೊನೆಗೆ ಮಾಕ್ ಮಾಡ್ಯೂಲ್‌ನ ಡಿಫಾಲ್ಟ್ ಅನ್ನುವ ವಿಶೇಷ ಮೌಲ್ಯವನ್ನು ರಿಟರ್ನ್ ಮಾಡಬೇಕು, ಇಲ್ಲದಿದ್ದರೆ ನಾವು ರಿಟರ್ನ್ ವ್ಯಾಲ್ಯೂನಲ್ಲಿ ಇಟ್ಟಿದ್ದ ಟ್ರೂ ಬದಲು ‘ನನ್’ (ಏನೂ ಇಲ್ಲ ಎಂಬ ಮೌಲ್ಯ) ಬರುತ್ತದೆ, ಕೋಡ್ ಅದನ್ನು ಸೋಲು ಅಂದುಕೊಂಡು ಮತ್ತೆ ಮತ್ತೆ ಕಳಿಸುತ್ತದೆ. ಜೊತೆಗೆ, ಮೆಸೇಜ್ ಕ್ಲಾಸ್‌ಗೆ ಈಕ್ವಾಲಿಟಿ ಮೆಥಡ್ ಬರೆದಿಲ್ಲದಿದ್ದರೆ ಮೂಲ ಮತ್ತು ಕಾಪಿ ಎಂದಿಗೂ ಸಮ ಆಗುವುದಿಲ್ಲ. ನಮ್ಮದು ಆ ಮೆಥಡ್ ತಾನಾಗಿಯೇ ಬರುವ ಡೇಟಾಕ್ಲಾಸ್ ಆಗಿದ್ದರಿಂದ ಬಚಾವ್.

(ಮಾಕ್ ಹೀಗೆ ಸುಮ್ಮನೆ ಪಾಸ್ ಮಾಡಿಸುವುದು ಹೊಸದೇನಲ್ಲ. ಪೈಥಾನ್ 3.5ಕ್ಕಿಂತ ಮುಂಚೆ ‘ಅಸರ್ಟ್ ಕಾಲ್ಡ್ ವನ್ಸ್’ ಅಂತ ಬರೆದರೆ, ಅಂಥ ಮೆಥಡ್ ಆಗ ಇಲ್ಲದೇ ಇದ್ದರೂ, ಮಾಕ್ ತಕರಾರಿಲ್ಲದೆ ಇನ್ನೊಂದು ಮಾಕ್ ಹುಟ್ಟಿಸಿ ಕೊಡುತ್ತಿತ್ತು, ಟೆಸ್ಟ್ ಪಾಸ್! 3.5ರಲ್ಲಿ ಅದು ಎರರ್ ಆಯಿತು, ಮೆಥಡ್ ಬಂದಿದ್ದು 3.6ರಲ್ಲಿ.)

ಕೊನೆಗೆ ಆ ಫೈಲ್‌ನಿಂದ ಮಾಕ್ ತೆಗೆದೇಬಿಟ್ಟೆ. ಕೈಯಾರೆ ಬರೆದ ಒಂದು ಸಣ್ಣ ಫೇಕ್ ಗೇಟ್‌ವೇ ಸಾಕಾಯಿತು: ಬಂದದ್ದನ್ನು ಅಲ್ಲೇ ಜೇಸನ್ ಸ್ಟ್ರಿಂಗ್ ಮಾಡಿ ಲಿಸ್ಟ್‌ಗೆ ಸೇರಿಸುತ್ತದೆ, ಅಷ್ಟೇ. ನಿಜವಾದ ಗೇಟ್‌ವೇ ಮಾಡುವುದೂ ಅದನ್ನೇ. ಆಮೇಲೆ ಯಾರು ಏನು ಬದಲಾಯಿಸಿದರೂ ಸ್ಟ್ರಿಂಗ್‌ಗೆ ತಾಗುವುದಿಲ್ಲ. ಯಾವ ಮೆಥಡ್ ಎಷ್ಟು ಸಲ ಕರೆಯಲ್ಪಟ್ಟಿತು ಎಂಬ ಲೆಕ್ಕ ಬೇಕಾದ ಒಂದೆರಡು ಕಡೆ ಮಾತ್ರ ಮಾಕ್ ಉಳಿಸಿಕೊಂಡೆವು, ಅದಕ್ಕೆ ಅದು ಚೆನ್ನಾಗಿಯೇ ಇದೆ.

ಫೇಕ್ ಹಾಕಿದ ಕೂಡಲೇ ಬಫರ್ ಟೆಸ್ಟ್ ಹಳೆಯ ಕ್ಲಿಯರ್ ಜೊತೆಗೂ ಪಾಸ್ ಆಯಿತು. ರಿಟ್ರೈ ಟೆಸ್ಟ್ ಫೇಲ್ ಆಯಿತು. ಸಂಖ್ಯೆ ಸೇರಿಸುವ ಸಾಲನ್ನು ಸೆಂಡ್‌ಗಿಂತ ಮೇಲಕ್ಕೆ ತಂದು ರಿವ್ಯೂಗೆ ಕಳಿಸಿದೆ.