ಲಟ್ಟಣಿಗೆ ಮತ್ತು ಟೈಟಾನಿಯಂ

ಇವತ್ತು ಇಡೀ ದಿನ ಮೈಕ್ರೋಸ್ಕೋಪ್ ಮುಂದೆಯೇ ಕಳೆಯಿತು. ಸ್ಯಾಂಪಲ್ ಟೈಟಾನಿಯಂದು, 6% ಅಲ್ಯೂಮಿನಿಯಂ, 4% ವನೇಡಿಯಂ ಬೆರೆತದ್ದು. ರೋಲಿಂಗ್‌ಗೆ ಮೊದಲು ಒಳಗೆಲ್ಲ ಪದರ ಪದರ, ಬುಟ್ಟಿ ಹೆಣೆದ ಹಾಗೆ. ಈ ಲೋಹದ ಹರಳುಗಳಿಗೆ ಆಲ್ಫಾ, ಬೀಟಾ ಅಂತ ಎರಡು ರೂಪ. ಸುಮಾರು 995 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಪೂರ್ತಿ ಬೀಟಾ ಆಗಿಬಿಡುತ್ತದೆ, ಹಾಗಾಗಿ ಅದಕ್ಕಿಂತ ಸ್ವಲ್ಪ ಕೆಳಗೇ ಕಾಯಿಸಿ, ಉರುಳೆಗಳ ನಡುವೆ ಒತ್ತಿ, ಆಮೇಲೆ ಇನ್ನೊಮ್ಮೆ ಕಾಯಿಸಿದರೆ ಆ ಆಲ್ಫಾ ಪದರಗಳು ಬಾಗಿ, ತುಂಡಾಗಿ, ನಿಧಾನಕ್ಕೆ ಗುಂಡು ಕಾಳುಗಳಾಗುತ್ತವೆ. ಸಾಬಕ್ಕಿ ಹರಡಿದಂತೆ, ನೋಡೋಕೆ ಚೆಂದ!

ಆದರೆ ಕಾಳು ಗುಂಡಾದರೆ ಸಾಲದು. ಅದು ಯಾವ ಕಡೆ ಮುಖ ಮಾಡಿದೆ ಅನ್ನುವುದೇ ನಿಜವಾದ ತಲೆನೋವು. ಆಲ್ಫಾ ಹರಳು ಆರು ಮೂಲೆಯ ಕಂಬದ ಹಾಗೆ. ಕಂಬದ ಉದ್ದಕ್ಕೆ ಬಿಗಿ, ಅಂದರೆ ಎಳೆದಾಗ ಸುಲಭಕ್ಕೆ ಹಿಗ್ಗದಿರುವ ಗುಣ, ಸುಮಾರು 145 ಗಿಗಾಪಾಸ್ಕಲ್, ಅಡ್ಡಕ್ಕೆ 100ರ ಆಸುಪಾಸು. ಒಂದೇ ದಿಕ್ಕಿಗೆ ಉರುಳಿಸಿದರೆ ಬಹಳಷ್ಟು ಕಂಬಗಳು ಒಂದೇ ಕಡೆ ವಾಲಿಕೊಳ್ಳುತ್ತವೆ, ಆಗ ಹಾಳೆ ಉದ್ದಕ್ಕೆ ಎಳೆದಾಗ ಒಂದು ಥರ, ಅಡ್ಡಕ್ಕೆ ಎಳೆದಾಗ ಇನ್ನೊಂದು ಥರ. ನಡುನಡುವೆ ಹಾಳೆಯನ್ನು ತಿರುಗಿಸಿ ಉರುಳಿಸಿದರೆ ಈ ಭೇದ ಕಡಿಮೆಯಾಗುತ್ತದೆ.

ಅಮ್ಮ ಚಪಾತಿ ಲಟ್ಟಿಸುವಾಗ ಸುಮ್ನೆ ತಿರುಗಿಸುತ್ತಾ ಇರುತ್ತಾರೆ ಅಲ್ವಾ, ರಾತ್ರಿ ಊಟಕ್ಕೆ ಕೂತಾಗ ಅದೇ ನೆನಪಾಯಿತು. ನನ್ನ ಚಪಾತಿ ಮಾತ್ರ ಇವತ್ತೂ ಉದ್ದುದ್ದ.